ಡಾರಿಯೋನ ಮೊದಲೆರಡು ಆಲ್ಬಮ್‌ಗಳು

ನಾಗಸಂದ್ರ, ಬೆಂಗಳೂರು
9 ನವೆಂಬರ್ 2025, ಭಾನುವಾರ

ಪ್ರೀತಿಯ ಗಂಗಾ,

ಕಾಗದ ಬರೆಯುವಂಥ ರೋಗ ಇವಳಿಗೇನು ಬಂತು ಎಂದು ಬೈಯಬೇಡ. ವಾಟ್ಸಾಪ್ ಮಾಡಿದರೆ ನೀನು ಆ ಕ್ಷಣವೇ ಫೋನ್ ಮಾಡುತ್ತೀಯ, ಅದು ಬೇಡ. ನನಗೆ ಹೆದರಿಕೆಯಾಗಿದೆ.

ನಿಮ್ಮ ವೈಟ್‌ಫೀಲ್ಡ್ ಆಫೀಸಿನವರ ಹಾಡಿನ ಪತ್ರಿಕೆಗೆ ಇಟಲಿಯ ರಾಕ್ ಹಾಡುಗಾರ ಡಾರಿಯೋ ಬಗ್ಗೆ ಎರಡು ಪುಟ ಕೇಳಿದ್ದೆಯಲ್ಲ. ನೀನೂ ಇಲ್ಲೇ ಕೆಲಸಕ್ಕಿದ್ದಾಗ ಪೀಣ್ಯದ ನಮ್ಮ ಶೆಡ್ಡಿಗೆ ತಗಡು ಒತ್ತುವ ಪ್ರೆಸ್ ಮಿಷನ್ ಕೂರಿಸಲು ಬಂದಿದ್ದ ಇಟಲಿ ಎಂಜಿನಿಯರ್ ಬಿಟ್ಟುಹೋದ ಪೆನ್‌ಡ್ರೈವ್ ಇನ್ನೂ ನನ್ನ ಹತ್ತಿರವೇ ಇದೆ. ಅದರಲ್ಲಿದ್ದ ಮೊದಲೆರಡು ಆಲ್ಬಮ್‌ಗಳನ್ನು ಆಗ ಬಾಯಿಗೆ ಬಂದಂತೆ ಬೈದಿದ್ದೆವು. ಡ್ರಮ್ಮಿನ ಜೊತೆ ಆ ಕಂಚಿನ ತಾಳ ಬಡಿಯುವವನನ್ನು ಕಂಬಕ್ಕೆ ಕಟ್ಟಿಹಾಕಬೇಕು ಎಂದಿದ್ದೆ ನೀನು.

ಹತ್ತು ವರ್ಷದ ಮೇಲೆ ಮತ್ತೆ ಕೇಳಿದೆ. ತಪ್ಪು ನಮ್ಮದೇ ಅನ್ನಿಸಿತು. ಎಷ್ಟು ಮೆತ್ತಗಿನ ಹಾಡುಗಳು. ತಾಳದ ಗಲಾಟೆಯೇ ಇಲ್ಲ. ಗಿಟಾರಿನ ದಪ್ಪ ತಂತಿ, ಅದರಡಿಯಲ್ಲಿ ಗಂಟಲು ಕಟ್ಟಿದಂಥ ಅವನ ದನಿ. ಇವು ಪಿಸುಮಾತಿನ ಆಲ್ಬಮ್‌ಗಳು ಎಂದು ಜಂಬದಿಂದ ಬರೆದೆ.

ಅಷ್ಟರಲ್ಲಿ ಮನೆ ಓನರ್ ಚನ್ನಕ್ಕ ಬಾಗಿಲು ನೂಕಿಕೊಂಡು ಒಳಗೆ ಬಂದರು. ಬಡಿದು ಬಡಿದು ಸಾಕಾಗಿತ್ತಂತೆ. "ಏನ್ ಸುಮಂಗಲಾ, ಕಿವಿ ಕಿತ್ತೋಗೋ ಅಂಗೆ ಹಾಕಿದೀಯಲ್ಲ. ಆ ಜಾಗಟೆ ಸದ್ದು ನಿಲ್ಸವ್ವ" ಅಂದರು. ಯಾವ ಜಾಗಟೆ ಅಕ್ಕ ಎಂದು ಕೇಳಿದೆ. ಅವರು ಹಾಡುತ್ತಿದ್ದ ಸ್ಪೀಕರಿನತ್ತ ಬೆರಳು ಮಾಡಿ ತೋರಿಸಿದರು.

ತಾಳ ಅಲ್ಲೇ ಇದೆ ಗಂಗಾ. ನನಗೆ ಕೇಳಿಸುತ್ತಿಲ್ಲ.

ಕಂಪನಿ ಕೊಟ್ಟ ಇಯರ್‌ಪ್ಲಗ್ ಜೇಬಿಗೆ ಹಾಕಿಕೊಂಡು, ಒಂದೇ ಮಿಷನ್ ಮುಂದೆ ನಿಂತು, ಸ್ಕಾರ್ಫಿನೊಳಗೆ ಒಂದೇ ಇಯರ್‌ಫೋನ್ ಹಂಚಿಕೊಳ್ಳುತ್ತಿದ್ದೆವು. ಬಲಗಿವಿ ನನ್ನದು, ಎಡಗಿವಿ ನಿನ್ನದು. ಪ್ರೆಸ್ಸಿನ ಸದ್ದು ಮುಳುಗಲಿ ಎಂದು ವಾಲ್ಯೂಮ್ ಪೂರ್ತಿ ಏರಿಸುತ್ತಿದ್ದವಳು ನಾನೇ. ಎಂಥ ಬುದ್ಧಿವಂತೆ ನೋಡು.

ಇಪ್ಪತ್ತನೇ ತಾರೀಕು ಎಲ್ಲರಿಗೂ ಕಿವಿ ಪರೀಕ್ಷೆ. ಫೇಲಾದವರನ್ನು ಮಿಷನ್ ಹತ್ತಿರ ಬಿಡುವುದಿಲ್ಲ, ಬೇರೆ ಕೆಲಸವೂ ಖಾಲಿ ಇಲ್ಲ ಎಂದು ಸೂಪರ್‌ವೈಸರ್ ಮುನೀಂದ್ರ ಹೇಳಿಬಿಟ್ಟಿದ್ದಾನೆ. ಸದ್ದು ಕೇಳಿದಾಗ ಬೆರಳೆತ್ತಬೇಕಂತೆ. ಪಕ್ಕದವಳನ್ನು ನೋಡಿ ಎತ್ತೋಣವೆಂದರೆ ಒಬ್ಬೊಬ್ಬರನ್ನೇ ಕೂರಿಸುತ್ತಾರೆ. ರಜಾ ಹಾಕಲೋ, ಹೋಗಲೋ? ಅನ್ನ ಸೇರುತ್ತಿಲ್ಲ. ಬೇರೆ ಯಾವ ಕೆಲಸ ಬರುತ್ತದೆ ನನಗೆ?

ನಿನ್ನ ಎಡಗಿವಿಯನ್ನೂ ಬೇಗ ತೋರಿಸಿಕೋ. ನಾನು ಬರೆದ ಪುಟಗಳನ್ನು ಹರಿಯಲು ಮನಸ್ಸಾಗದೆ ಇದರ ಜೊತೆಗಿಟ್ಟಿದ್ದೇನೆ. ಅಚ್ಚು ಹಾಕಿಸಬೇಡ, ಓದಿದವರು ನಗುತ್ತಾರೆ.

ನಿನ್ನ
ಸುಮಂಗಲಾ

ತಾ.ಕ.: ಹೋದ ಭಾನುವಾರ ಫೋನಿನಲ್ಲಿ ನೀನು ಇಪ್ಪತ್ತು ನಿಮಿಷ ಮಾತಾಡಿದೆ. ನಾನು ಹೂಂ ಹೂಂ ಎನ್ನುತ್ತ ಹೋದೆ. ಕೊನೆಗೆ ನಿನ್ನ ದನಿ ನಡುಗಿತು. ನಗುತ್ತಿದ್ದೀಯ ಎಂದುಕೊಂಡು, ಒಳ್ಳೇದೇ ಆಯ್ತು ಬಿಡು ಎಂದೆ. ನೀನು ಫೋನ್ ಇಟ್ಟುಬಿಟ್ಟೆ. ಏನು ಹೇಳಿದ್ದೆ ಗಂಗಾ? ಬರೆದು ತಿಳಿಸು.