ನಿನ್ನ ದನಿ ತಡವಾಗಿ ಬರೋ ಡಬ್ಬಿ

ತಮ್ಮಾ,

ಎಬ್ಬಿಸೋಕೆ ಮನಸ್ಸಾಗಲಿಲ್ಲ. ರಿಪೇರಿ ಅಂಗಡಿ ಬಾಗಿಲು ತೆಗೆಯೋ ಸರದಿ ಇವತ್ತು ನಂದು, ಹೊರಟೆ.

ಹನ್ನೊಂದಕ್ಕೆ ಗ್ರಂಥಾಲಯದವರು ಫೋನಿನಲ್ಲೇ ಕೆಲಸದ ಸಂದರ್ಶನ ಮಾಡ್ತಾರೆ. ಹತ್ತರೊಳಗೆ ತಿಂಡಿ ತಿನ್ನು. ಹಸಿದಿದ್ದರೆ ನಿನ್ನ ಮಾತು ಇನ್ನೂ ಜಾಸ್ತಿ ತೊದಲುತ್ತೆ.

ಡಬ್ಬಿ ಮೇಜಿನ ಮೇಲಿದೆ. ಒಳಗಿರೋ ಪುಟ್ಟ ಕಂಪ್ಯೂಟರ್ ಬೋರ್ಡು ಚೆನ್ನಾಗೇ ಇದೆ. ಮೈಕಿನ ದನಿಯನ್ನ ಅಂಕಿ ಮಾಡಿ ಅದಕ್ಕೆ ಕೊಡೋ ಚಿಪ್ಪಿನ ವೈರು ಬಿಟ್ಟುಹೋಗಿತ್ತು, ಬೆಳಿಗ್ಗೆ ಬೆಸುಗೆ ಹಾಕಿದೀನಿ. ಬಿಚ್ಚಿ ನೋಡೋ ಚಟ ಇವತ್ತು ಬೇಡ. ಸ್ಕ್ರೂಡ್ರೈವರ್ ನನ್ನ ಚೀಲದಲ್ಲಿದೆ. ಹೆಡ್‌ಫೋನ್ ಹಾಕ್ಕೊಂಡು ಸ್ವಿಚ್ಚು ಒತ್ತು, ಹಸಿರು ದೀಪ ಬರೋ ತನಕ ಕಾಯಿ. ನಿನ್ನ ದನಿ ನಿನಗೇ ಚೂರು ತಡವಾಗಿ ಕೇಳುತ್ತೆ. ಅದರ ಜೊತೆ ನಿಧಾನಕ್ಕೆ ಹೋಗು, ನಾಲಿಗೆ ಸಿಕ್ಕಿಹಾಕ್ಕೊಳ್ಳಲ್ಲ.

ಒಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೆ. ಭಾನುವಾರ ಈ ಡಬ್ಬಿ ಹಾಕ್ಕೊಂಡು ಅಮ್ಮನಿಗೆ ಇಡೀ ಪೇಪರ್ ಓದಿದೆಯಲ್ಲ, ಒಂದು ಕಡೆಯೂ ತೊದಲಲಿಲ್ಲ. “ಈಗ ತಡ ಸರಿಯಾಗಿದೆ ಅಕ್ಕಾ, ಇನ್ನು ಮುಟ್ಟಬೇಡ” ಅಂತ ನನಗೇ ಹೇಳಿದೆ. ನೀನು ಓದೋಕೆ ಮುಂಚೆ ನಾನು ಪರೀಕ್ಷೆ ಮಾಡೋಕೆ ಅಂತ ಪ್ರೋಗ್ರಾಮಿನಲ್ಲಿ ತಡವನ್ನ ಸೊನ್ನೆ ಮಾಡಿದ್ದೆ, ವಾಪಸ್ ಹಾಕೋದು ಮರೆತಿದ್ದೆ. ಅವತ್ತು ಡಬ್ಬಿ ಏನೂ ಮಾಡ್ತಿರಲಿಲ್ಲ ಕಣೋ, ನಿನ್ನ ದನಿಯನ್ನ ಇದ್ದ ಹಾಗೇ ನಿನಗೆ ಕೇಳಿಸ್ತಿತ್ತು. ಹೇಳಿದರೆ ಧೈರ್ಯ ಕಳ್ಕೊಳ್ತೀಯ ಅಂತ ಬಾಯಿ ಬಿಡಲಿಲ್ಲ.

ಇವತ್ತು ತಡ ಸರಿಯಾಗಿ ಇಟ್ಟಿದೀನಿ. ನಡುವೆ ಡಬ್ಬಿ ಏನಾದರೂ ಕೈ ಕೊಟ್ಟರೆ ಹೆಡ್‌ಫೋನ್ ತೆಗೆದಿಟ್ಟು ಮಾತಾಡ್ತಾ ಹೋಗು. ಭಾನುವಾರ ನೀನು ಓದಿದ್ದೂ ಡಬ್ಬಿಯ ಸಹಾಯ ಇಲ್ಲದೇನೇ.

ಅಕ್ಕ