ಆಮೆನ್ ಇಲ್ಲದ ಪ್ರಾರ್ಥನೆ

ಭದ್ರಾವತಿ
೧೨-೭-೧೯೫೮

ಮಾನ್ಯ ಉಜ್ಜನಪ್ಪನವರಿಗೆ, ನಿಮ್ಮ ಮಗನ ಸಹಪಾಠಿ ಎಸ್ತೇರಳ ತಂದೆ ಜ್ಞಾನಪ್ಪನ ವಂದನೆಗಳು.

ನಿಮ್ಮ ಮಗ ಕೊಟ್ರೇಶ ಇಲ್ಲಿನ ಶಾಲೆಯನ್ನೂ ಸೋದರಮಾವನ ಮನೆಯನ್ನೂ ಬಿಟ್ಟು ಶಿವಮೊಗ್ಗಕ್ಕೆ ನಿಮ್ಮ ಬಳಿಗೆ ಓಡಿಬಂದಿರುವುದಕ್ಕೆ ಕಾರಣ ನಾನು.

ಪೋಲಿಯೋ ಆದ ನನ್ನ ಮಗಳ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದೆ. ಅವನು ಅವಳನ್ನು “ಕಾರ್ಖಾನೆ ಮಾಲು” ಎಂದು ಕರೆಯುತ್ತಿದ್ದ. ಅವಳು “ಹೌದು ಮಾರಾಯ, ಗಟ್ಟಿ ಮಾಲು” ಎಂದು ನಕ್ಕು ಮುಂದೆ ಹೋಗುತ್ತಿದ್ದಳು. ಸಂಜೆ ಮನೆಯ ಪ್ರಾರ್ಥನೆಯಲ್ಲಿ ಅವನ ಹೆಸರನ್ನೂ ಹೇಳುತ್ತಿದ್ದಳು. ಕಾಡಿಸುವವರಿಗಾಗಿ ಪ್ರಾರ್ಥಿಸಬೇಕೆಂದು ಕಲಿಸಿದವನು ನಾನೇ. ಕಲಿತವಳು ಪಾಸು, ಕಲಿಸಿದವನು ನಪಾಸು.

ಗುರುವಾರ ಶಾಲೆಯ ಗೇಟಿನಲ್ಲಿ ಅವನನ್ನು ತಡೆದೆ. ಅವನಿಗೆ ಮಾತು ತೊದಲುತ್ತದೆಂದು ಗೊತ್ತಿದ್ದೂ, “ಏನು ಕೊ-ಕೊ-ಕೊಟ್ರೇಶಪ್ಪನವರೇ, ಬೆಳಗಾಯ್ತೇ?” ಎಂದೆ. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಕಾಲೇಜಿನಲ್ಲಿ ಹಾಸ್ಯಕ್ಕೆ ಬಹುಮಾನ ಪಡೆದವನು ಅಪಹಾಸ್ಯಕ್ಕೂ ಚಪ್ಪಾಳೆ ಗಿಟ್ಟಿಸಿದೆ. ಎಸ್ತೇರಳು ಮಾತ್ರ ನಗಲಿಲ್ಲ.

ಆ ಸಂಜೆಯೂ ಅವಳು ಅವನಿಗಾಗಿ ಪ್ರಾರ್ಥಿಸಿದಳು. ನಾನು ಎಂದಿನಂತೆ ‘ಆಮೆನ್’ ಎನ್ನಲು ಬಾಯಿ ತೆರೆದೆ. “ಅಪ್ಪಾ, ನೀನು ಅನ್ಬೇಡ. ಮೊದ್ಲು ಅವನ ಹತ್ರ ಹೋಗಿ ಬಾ” ಎಂದಳು.

ಮರುದಿನ ಅವನ ಸೋದರಮಾವನ ಮನೆಗೆ ಹೋದಾಗ ಅವನು ಹೊರಟುಹೋಗಿದ್ದ. ಶಿವಮೊಗ್ಗಕ್ಕೇ ಬಂದು ಕ್ಷಮೆ ಕೇಳಬಹುದಿತ್ತು. ಆದರೆ ನಕ್ಕ ಹುಡುಗರು ಇಲ್ಲಿದ್ದಾರೆ. ದಯವಿಟ್ಟು ಬುಧವಾರ ಬೆಳಗಿನ ರೈಲಿಗೆ ಅವನನ್ನು ಕಳಿಸಿಕೊಡಿ. ಅವರೆಲ್ಲರ ಮುಂದೆಯೇ ಕೇಳುತ್ತೇನೆ. ಅವನು ಎಷ್ಟು ಹೊತ್ತು ತೊದಲಿ ನನ್ನನ್ನು ಬೈದರೂ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳುತ್ತೇನೆ.

ಹೆಸರಿನಲ್ಲಷ್ಟೇ ಜ್ಞಾನವುಳ್ಳ,
ಜ್ಞಾನಪ್ಪ