ಖಾಲಿ ಚೌಕದಲ್ಲಿ ಕಲ್ಲಿನ ರಥ

ವಸತಿ ಶಾಲೆಯ ಪ್ರವೇಶ ಪರೀಕ್ಷೆ ನಡೆಸುವ ಮಾನ್ಯ ಅಧಿಕಾರಿಗಳೇ,

ಪ್ರಶ್ನೆಪತ್ರಿಕೆಯಲ್ಲಿ ಇಲ್ಲದ ಚಿತ್ರವನ್ನು ಇಲ್ಲವೆಂದು ಬರೆದ ಮಗುವಿಗೆ ತಾವು ಸೊನ್ನೆ ಕೊಟ್ಟಿದ್ದೀರಿ. ಆ ಸೊನ್ನೆಯಿಂದ ಅವಳ ಸೀಟು ಒಂದೇ ಅಂಕದಲ್ಲಿ ತಪ್ಪಿದೆ. ಇದೇ ನನ್ನ ದೂರು. ನಾನು ಕಂಪ್ಲಿಯ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ನಿವೃತ್ತಳಾದವಳು. ಈಗ ನನ್ನನ್ನು ವರ್ಗಾವಣೆ ಮಾಡುವುದಾದರೆ ಪಡಸಾಲೆಯಿಂದ ಅಡುಗೆಮನೆಗೆ ಮಾಡಬಹುದು, ಅಷ್ಟೆ. ಆದ್ದರಿಂದ ಕಚೇರಿಯ ಬಾಗಿಲಲ್ಲಿ ನಿಂತು ಹೇಳಿ ಸಾಕಾದದ್ದನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದೇನೆ.

ಹುಡುಗಿಯ ಹೆಸರು ಶಿಲ್ಪಶ್ರೀ, ಊರು ಎಮ್ಮಿಗನೂರು. ತಾಯಿ ಉಚ್ಚೆಂಗಮ್ಮ ಕಬ್ಬು ಕಡಿಯುವವರ ಗುಂಪಿನೊಂದಿಗೆ ಹಂಗಾಮು ಶುರುವಾದರೆ ಊರೂರು ತಿರುಗುತ್ತಾಳೆ. ಮಗಳನ್ನು ಬಿಟ್ಟು ಹೋಗಲು ಮನೆಯಲ್ಲಿ ಮತ್ತೊಬ್ಬರಿಲ್ಲ. ಹೀಗಾಗಿ ದಸರಾ ಮುಗಿದ ಮೇಲೆ ಶಾಲೆ ಬಿಟ್ಟ ಹುಡುಗಿ ಮತ್ತೆ ಪಾಟಿ ಹಿಡಿಯುವುದು ಶಿವರಾತ್ರಿಯ ಹೊತ್ತಿಗೆ. ವಸತಿ ಶಾಲೆಯ ಸೀಟು ಅವಳಿಗೆ ದೊಡ್ಡಸ್ತಿಕೆಯ ಮಾತಲ್ಲ. ವರ್ಷವಿಡೀ ಒಂದೇ ಕಡೆ ಕುಳಿತು ಓದುವುದಕ್ಕೆ ಅವಳಿಗಿದ್ದದ್ದು ಅದೊಂದೇ ದಾರಿ. ರಜೆಯಲ್ಲಿ ನನ್ನ ಮನೆಗೆ ಬಂದು ಚಿತ್ರ ಬರೆಯುತ್ತಾಳೆ. ನಮ್ಮ ಮಾತಿನಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ನಾನು ಹೇಳಿಕೊಟ್ಟದ್ದು ಒಂದೇ ಪಾಠ: ಕಂಡದ್ದನ್ನು ಬರಿ, ಕಾಣದ್ದನ್ನು ಬರೀಬ್ಯಾಡ.

ಈಗ ತಮ್ಮ ಪ್ರಶ್ನೆಗೆ ಬರೋಣ. ‘ಈ ಕೆಳಗಿನ ಚಿತ್ರದಲ್ಲಿರುವುದನ್ನು ಗುರುತಿಸಿ ಬರೆಯಿರಿ. ಎರಡು ಅಂಕ.’ ಕೆಳಗೆ ಇದ್ದದ್ದು ಒಂದು ಖಾಲಿ ಚೌಕ, ಅದರ ಮೂಲೆಯಲ್ಲಿ ಗುಣಿಸು ಗುರುತು, ಪಕ್ಕದಲ್ಲಿ ಇರುವೆಸಾಲಿನಂಥ ಇಂಗ್ಲಿಷ್. ಚಿತ್ರವನ್ನು ತೋರಿಸಲಾಗುತ್ತಿಲ್ಲ, ಕಡತ ಬೇರೆಡೆ ಹೋಗಿರಬಹುದು ಎಂದು ಆ ಇಂಗ್ಲಿಷ್ ಹೇಳುತ್ತಿತ್ತು. ಇಡೀ ಪರೀಕ್ಷಾ ವ್ಯವಸ್ಥೆಯಲ್ಲಿ ಪ್ರಾಮಾಣಿಕವಾಗಿ ತಪ್ಪೊಪ್ಪಿಕೊಂಡದ್ದು ಕಂಪ್ಯೂಟರ್ ಒಂದೇ. ಶಿಲ್ಪಶ್ರೀ ಹೀಗೆ ಉತ್ತರಿಸಿದ್ದಾಳೆ: ‘ಒಂದು ಖಾಲಿ ಚೌಕ. ಮೂಲೆಯಲ್ಲಿ ಗುಣಿಸು ಗುರುತು ಇದೆ. ಚಿತ್ರ ಇಲ್ಲ.’ ನಾನು ಸೇವೆಯಲ್ಲಿದ್ದಾಗ ಇಷ್ಟು ಚೊಕ್ಕವಾದ ಉತ್ತರ ಕಂಡದ್ದು ಅಪರೂಪ. ಅದರ ಮೇಲೆ ಕೆಂಪು ಶಾಯಿಯಲ್ಲಿ ಮತ್ತೊಂದು ಗುಣಿಸು ಗುರುತು ಹಾಕಿದ್ದೀರಿ.

ಹಾಗಾದರೆ ಎರಡಕ್ಕೆ ಎರಡು ಪಡೆದ ಮಕ್ಕಳು ಬರೆದದ್ದೇನು? ‘ಕಲ್ಲಿನ ರಥ.’ ಅವರ ಕಣ್ಣಿಗೆ ಕಂಡಿತೇ? ಖಂಡಿತ ಇಲ್ಲ. ಹೊಸಪೇಟೆಯ ಟ್ಯೂಷನ್ ಮೇಷ್ಟ್ರೊಬ್ಬರು ಮಕ್ಕಳಿಗೆ ಮೊದಲೇ ಹೇಳಿದ್ದರಂತೆ: “ಚಿತ್ರ ತಿಳೀಲಿಲ್ಲಂದ್ರ ಸುಮ್ನ ಕಲ್ಲಿನ ರಥ ಅಂತ ಬರೀರಿ. ನಮ್ ಕಡಿ ಇನ್ನೇನ್ ಕೇಳ್ತಾರ?” ಅವರ ಮಾತು ಸುಳ್ಳಲ್ಲ. ಹಂಪಿ ಪಕ್ಕದಲ್ಲಿದ್ದ ಮೇಲೆ ಕ್ಯಾಲೆಂಡರ್‌ನಲ್ಲಿ ಅದೇ, ಲಾಡ್ಜಿನ ಗೋಡೆಯ ಮೇಲೆ ಅದೇ, ಐವತ್ತರ ನೋಟಿನ ಬೆನ್ನಿಗೂ ಅದೇ. ತಾವು ಕೇಳಿದ್ದೂ ಅದನ್ನೇ. ಊಹಿಸಿದವರಿಗೆ ಅಂಕ ಸಿಕ್ಕಿತು. ನೋಡಿ ಬರೆದವಳಿಗೆ ಸೊನ್ನೆ ಬಿತ್ತು.

ಉಚ್ಚೆಂಗಮ್ಮನನ್ನು ಕರೆದುಕೊಂಡು ಹೊಸಪೇಟೆಯ ತಮ್ಮ ಕಚೇರಿಗೆ ಬಂದೆ. ತಮ್ಮ ಆಪರೇಟರ್ ಪಂಪೇಶ್ ಫೈಲ್ ತೆರೆದು, “ನೋಡ್ರಿ ಟೀಚರ್, ಚಿತ್ರ ಮಸ್ತ್ ಐತಲ್ಲ!” ಎಂದ. ನಿಜ, ರಥ ಫಳಫಳ ಹೊಳೆಯುತ್ತಿತ್ತು. ಅದೇ ಫೈಲನ್ನು ಪಕ್ಕದ ಟೇಬಲ್ಲಿನ ಕಂಪ್ಯೂಟರಿಗೆ ಹಾಕಿ ತೋರಿಸಪ್ಪ ಎಂದೆ. ಹಾಕಿದ. ರಥ ಮಾಯ, ಬರೀ ಚೌಕ. ಅವನು ಚಿತ್ರವನ್ನು ವರ್ಡ್ ಫೈಲಿನ ಒಳಗೆ ಸೇರಿಸಿರಲಿಲ್ಲ, ಲಿಂಕ್ ಮಾತ್ರ ಕೊಟ್ಟಿದ್ದ. ಫೈಲ್ ಪೆನ್‌ಡ್ರೈವ್ ಏರಿ ಪ್ರೆಸ್ಸಿಗೆ ಹೋಯಿತು, ಚಿತ್ರ ಅವನ ಕಂಪ್ಯೂಟರಿನಲ್ಲೇ ಉಳಿಯಿತು. ಹೊಲಕ್ಕೆ ಬುತ್ತಿ ಕಳಿಸುವ ಬದಲು ‘ರೊಟ್ಟಿ ನಮ್ಮ ಮನೆಯ ನೆಲುವಿನಲ್ಲಿದೆ’ ಎಂಬ ಚೀಟಿ ಕಳಿಸಿದ ಹಾಗೆ. ಮನೆಯಲ್ಲಿ ಕುಳಿತವನಿಗೆ ರೊಟ್ಟಿ ಕಾಣುತ್ತದೆ, ಹೊಲದಲ್ಲಿದ್ದವರ ಕೈಗೆ ಚೀಟಿಯಷ್ಟೇ. ಪಂಪೇಶ್ ನಾಲಿಗೆ ಕಚ್ಚಿಕೊಂಡು, “ತಪ್ಪಾಗೈತ್ರಿ” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇಂಥ ತಪ್ಪು ನಾನೂ ನೀವೂ ಮಾಡಬಹುದಾದದ್ದು.

ಸಿಟ್ಟು ಬಂದದ್ದು ಒಳಗಿನ ಕೋಣೆಯಿಂದ ತಾವು ಎದ್ದು ಬಂದು ಆಡಿದ ಮಾತಿಗೆ. ಎರಡೂ ಪರದೆಗಳನ್ನು ನೋಡಿದ ಮೇಲೂ ತಾವು ಹೇಳಿದ್ದಿಷ್ಟು: “ಅಷ್ಟೂ ಹುಡುಗರಿಗೆ ಕಂಡೈತಿ, ನಿಮ್ ಹುಡುಗಿ ಒಬ್ಬಾಕಿಗೆ ಕಾಣಲಿಲ್ಲ ಅಂದ್ರ ಹೆಂಗ್ರಿ? ಮೊದ್ಲು ಆಕಿನ್ನ ಕಣ್ಣಿನ ಡಾಕ್ಟ್ರಿಗೆ ತೋರಿಸ್ರಿ.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ತಮಗದು ಗೆದ್ದ ಮಾತಾಗಿರಬಹುದು. ಆದರೆ ಉಚ್ಚೆಂಗಮ್ಮ ಅದನ್ನು ನಿಜವೆಂದೇ ನಂಬಿದಳು. ದೊಡ್ಡ ಕಚೇರಿಯ ದೊಡ್ಡವರು ಹೇಳಿದ್ದಲ್ಲವೇ? ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಸೆರಗು ಬಾಯಿಗೊತ್ತಿಕೊಂಡು, “ನನ್ ಮಗಳ ಕಣ್ಣು ಹೋಗ್ಯಾವೇನ್ರೀ ಟೀಚರ್?” ಎಂದು ಕೇಳಿದಳು. ನಾನೆಷ್ಟು ಹೇಳಿದರೂ ಕೇಳದೆ ಮರುದಿನ ಕೂಲಿ ಬಿಟ್ಟು ಮಗಳನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಕಣ್ಣು ಸರಿಯಾಗಿವೆ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಅದರ ನಕಲನ್ನು ತಮ್ಮ ಕಚೇರಿಗೂ ಕಳಿಸಿದ್ದೇನೆ.

ಆದರೆ ಕೆಡುವುದು ಕೆಟ್ಟೇ ಹೋಗಿದೆ. ಮೊನ್ನೆ ಶಿಲ್ಪಶ್ರೀ ಬಂದಾಗ ಎಂದಿನಂತೆ ಅವಳ ಮುಂದೆ ಒಂದು ತಂಬಿಗೆ ಇಟ್ಟು, ಏನು ಕಾಣುತ್ತದೋ ಬರಿ ಎಂದೆ. ಪೆನ್ಸಿಲ್ ಹಿಡಿದವಳು ತಂಬಿಗೆಯನ್ನು ಬಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಏನ್ ಕಾಣಬೇಕ್ರಿ ಟೀಚರ್?”

ಮಾನ್ಯರೇ, ನನಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ. ಕಣ್ಣೆದುರಿಗೆ ಇರುವುದನ್ನು ಹೇಳಲು ಹತ್ತು ವರ್ಷದ ಮಗು ದೊಡ್ಡವರ ಮುಖ ನೋಡುವ ಹಾಗೆ ಮಾಡಿದ್ದೀರಿ. ಇದಕ್ಕೆ ಯಾವ ಆಸ್ಪತ್ರೆಗೆ ಕರೆದೊಯ್ಯಲಿ? ಅದನ್ನೂ ತಾವೇ ಹೇಳಿಬಿಡಿ.

ಮುಂದಿನ ಸಲ ಚಿತ್ರವನ್ನು ಫೈಲಿನ ಒಳಗೇ ಸೇರಿಸಿ, ಪಿಡಿಎಫ್ ಮಾಡಿಸಿ, ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ ಪ್ರೆಸ್ಸಿಗೆ ಕಳಿಸಿ. ಈ ಸಲಹೆ ಪುಕ್ಕಟೆ. ನನ್ನ ಬೇಡಿಕೆ ಬೇರೆ. ಆ ಎರಡು ಅಂಕ ಕೊಡಿ, ಹಂಗಾಮು ಶುರುವಾಗುವ ಮೊದಲು ಅವಳ ಸೀಟು ಕೊಡಿ. ಜೊತೆಗೆ ಅವಳ ಹೆಸರಿಗೇ, ತಮ್ಮ ಸಹಿ ಹಾಕಿ, ಒಂದು ಸಾಲಿನ ಪತ್ರ ಬರೆಯಿರಿ: ‘ಶಿಲ್ಪಶ್ರೀ, ಅಲ್ಲಿ ಚಿತ್ರ ಇರಲಿಲ್ಲ.’ ಅಂಕ, ಸೀಟು ಎರಡನ್ನೂ ಮೇಲಿನವರಿಂದ ಹೋರಾಡಿ ಪಡೆಯಬಲ್ಲೆ. ಆ ಸಾಲನ್ನು ಮಾತ್ರ ತಾವೇ ಬರೆಯಬೇಕು. ಅದು ಬರುವವರೆಗೆ ಪ್ರತಿ ಸೋಮವಾರ ತಮ್ಮ ಕಚೇರಿಯ ಮುಂದೆ ಒಂದು ಖಾಲಿ ಚೌಕ ಬರೆದುಕೊಂಡು ಕೂರುತ್ತೇನೆ. ಅದರಲ್ಲಿ ಏನು ಕಾಣುತ್ತದೆ ಎಂದು ಬರುವ ಹೋಗುವವರನ್ನೆಲ್ಲ ಕೇಳುತ್ತೇನೆ.

ಇಂತಿ,
ಕಲ್ಲಿನ ರಥ ಕಾಣಲಾರದ, ಕನ್ನಡಕವಿದ್ದೂ ಕುರುಡಿಯಾದ
ಚಂದ್ರಕಲಾ
ನಿವೃತ್ತ ಚಿತ್ರಕಲಾ ಶಿಕ್ಷಕಿ, ಕಂಪ್ಲಿ